ಹುಡುಗಿಯರನ್ನು ವಿಜ್ಞಾನ, ತಂತ್ರಜ್ಞಾನದ ಕಡೆಗೆ ಕರೆತರುವುದು ಹೇಗೆ: ಮನೆಯವರಿಗೆ, ಶಿಕ್ಷಕರಿಗೆ ಒಂದು ಮಾರ್ಗದರ್ಶಿ

“ಮಗಳಿಗೆ ವಿಜ್ಞಾನ ಅಂದ್ರೆ ಇಷ್ಟ, ಮುಂದೆ ಏನು ಮಾಡಿಸಬೇಕು ಗೊತ್ತಾಗ್ತಿಲ್ಲ.” “ಚಿಕ್ಕವಳಿದ್ದಾಗ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡ್ತಿದ್ದಳು, ಈಗ ಅದರ ಸುದ್ದಿಗೇ ಹೋಗಲ್ಲ.” “ಲ್ಯಾಬ್‌ನಲ್ಲಿ ಹುಡುಗಿಯರು ಹಿಂದೆ ನಿಂತುಬಿಡ್ತಾರೆ, ಮುಂದೆ ಕರೆಯೋದು ಹೇಗೆ?” ಓದುಗರು ಕೇಳುವ ಪ್ರಶ್ನೆಗಳಲ್ಲಿ ಈ ಮೂರು ಮತ್ತೆ ಮತ್ತೆ ಬರುತ್ತವೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಅಪ್ಪ ಅಮ್ಮ, ಶಿಕ್ಷಕರು, ಅಕ್ಕ, ಅಣ್ಣ, ಚಿಕ್ಕಮ್ಮ, ಮಾವ, ಯಾರು ಬೇಕಾದರೂ ಇದನ್ನು ಬಳಸಬಹುದು.

ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಸ್ಫೂರ್ತಿಯ ಭಾಷಣ ಹುಡುಗಿಯರಿಗೆ ಬೇಕಾದಷ್ಟು ಸಿಗುತ್ತಿದೆ. ಸಿಗದೆ ಇರುವುದು ಕೈಗೆ ಉಪಕರಣ, ಬಿಡುವಿನ ಸಮಯ, ಮತ್ತು ಆ ಕೆಲಸ ಮಾಡುವವರ ಪರಿಚಯ. ಈ ಮೂರನ್ನು ಕೊಡಿ. ಕೊಟ್ಟ ಮೇಲೆ ಅರ್ಧದಲ್ಲಿ ವಾಪಸ್ ತೆಗೆದುಕೊಳ್ಳಬೇಡಿ.

ಇಲ್ಲಿ ‘ಸ್ಟೆಮ್’ ಎಂಬ ಪದ ಆಗಾಗ ಬರುತ್ತದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ, ಈ ನಾಲ್ಕನ್ನೂ ಸೇರಿಸಿ ಹೀಗೆ ಕರೆಯುತ್ತಾರೆ. ಲ್ಯಾಬ್ ಟೆಕ್ನಿಷಿಯನ್, ಎಲೆಕ್ಟ್ರಿಷಿಯನ್, ವೆಲ್ಡರ್ ಕೆಲಸಗಳನ್ನೂ ನಾನು ಇದರೊಳಗೇ ಸೇರಿಸುತ್ತೇನೆ.

ಶುರು ಮಾಡುವ ಮೊದಲು ತಿಳಿದಿರಬೇಕಾದದ್ದು

ಹುಡುಗಿಯರಿಗೆ ತಲೆ ಇಲ್ಲ, ಆಸಕ್ತಿ ಇಲ್ಲ ಅನ್ನುವುದು ಸುಳ್ಳು. ಆದರೂ ಜಗತ್ತಿನ ಸಂಶೋಧಕರಲ್ಲಿ ಹೆಂಗಸರು ಸುಮಾರು ಮೂರನೇ ಒಂದು ಭಾಗ ಮಾತ್ರ ಎಂದು ಯುನೆಸ್ಕೊ ಲೆಕ್ಕ ಹೇಳುತ್ತದೆ. ನಡುವೆ ಎಲ್ಲೋ ಅವರು ಬಿಟ್ಟುಹೋಗುತ್ತಿದ್ದಾರೆ. ಎಲ್ಲಿ ಅನ್ನುವುದಕ್ಕೆ ಕೆಲವು ಸುಳಿವುಗಳಿವೆ.

2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳಿಗೆ ‘ತುಂಬಾ ತುಂಬಾ ಬುದ್ಧಿವಂತರು’ ಯಾರು ಎಂದು ಊಹಿಸಲು ಹೇಳಿದರು. 5 ವರ್ಷದ ಹುಡುಗಿಯರು ಹುಡುಗರಷ್ಟೇ ಸಲೀಸಾಗಿ ತಮ್ಮ ಕಡೆಯವರನ್ನೇ ತೋರಿಸಿದರು. 6–7 ವರ್ಷಕ್ಕೆ ಬರುವ ಹೊತ್ತಿಗೆ ಹಾಗೆ ತೋರಿಸುವ ಹುಡುಗಿಯರು ಕಡಿಮೆಯಾದರು. ಒಂದನೇ ತರಗತಿ ಮುಗಿಯುವಷ್ಟರಲ್ಲೇ ಈ ಭಾವನೆ ಒಳಗೆ ಇಳಿದಿರುತ್ತದೆ.

ಇನ್ನೊಂದು 2001ರದ್ದು. ಮ್ಯೂಸಿಯಂ ಒಂದರಲ್ಲಿ ವಿಜ್ಞಾನದ ಮಾದರಿಗಳ ಮುಂದೆ ನಿಂತ ಕುಟುಂಬಗಳನ್ನು ಗಮನಿಸಿದರು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅಪ್ಪ ಅಮ್ಮ ಮಾದರಿಯನ್ನು ತೋರಿಸುತ್ತಿದ್ದರು, ಬಳಸುವುದನ್ನೂ ಹೇಳಿಕೊಡುತ್ತಿದ್ದರು. ಆದರೆ ‘ಇದು ಯಾಕೆ ಹೀಗಾಗುತ್ತದೆ’ ಎಂದು ವಿವರಿಸುವುದು ಗಂಡುಮಕ್ಕಳಿಗೆ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಆ ಅಪ್ಪ ಅಮ್ಮಂದಿರಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಇತ್ತು ಅಂತಲ್ಲ. ತಾವು ಹೀಗೆ ಮಾಡುತ್ತಿದ್ದೇವೆ ಅನ್ನುವುದು ಅವರ ಗಮನಕ್ಕೇ ಬಂದಿರಲಿಕ್ಕಿಲ್ಲ. ನಮ್ಮ ಗಮನಕ್ಕೂ ಬರುವುದಿಲ್ಲ. ಅದಕ್ಕೇ ಮೊದಲ ಹಂತವನ್ನು ಮಾತಿನಿಂದ ಶುರು ಮಾಡುತ್ತಿದ್ದೇನೆ.

ಹಂತ 1: ಮಾತಾಡುವ ರೀತಿ ಸ್ವಲ್ಪ ಬದಲಿಸಿ

ಮೊದಲನೆಯದು, ಅವಳ ‘ಯಾಕೆ’ಗೆ ಉತ್ತರ ಕೊಡಿ. ಗೊತ್ತಿಲ್ಲದಿದ್ದರೆ “ನನಗೂ ಗೊತ್ತಿಲ್ಲ, ನೋಡೋಣ ಬಾ” ಅನ್ನಿ. “ಅದೆಲ್ಲ ನಿನಗ್ಯಾಕೆ” ಅನ್ನುವ ಮಾತು ಒಂದು ಸಲ ಬಂದರೂ ಅದು ಬಹಳ ದಿನ ಉಳಿಯುತ್ತದೆ.

ಎರಡನೆಯದು, ಚಿಕ್ಕ ಹುಡುಗಿಯ ಜೊತೆ “ಬಾ, ವಿಜ್ಞಾನಿ ಆಗೋಣ” ಅನ್ನುವುದಕ್ಕಿಂತ “ಬಾ, ವಿಜ್ಞಾನ ಮಾಡೋಣ” ಅನ್ನಿ. ವ್ಯತ್ಯಾಸ ಸಣ್ಣದು. ಆದರೆ 2019ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ‘ಮಾಡೋಣ’ ಎಂದು ಕೇಳಿಸಿಕೊಂಡ ಹುಡುಗಿಯರು ಆಟವನ್ನು ಹೆಚ್ಚು ಹೊತ್ತು ಬಿಡದೆ ಮುಂದುವರಿಸಿದರು. ‘ವಿಜ್ಞಾನಿ’ ಅಂದಾಗ ಒಬ್ಬ ಗಂಡಸಿನ ಚಿತ್ರ ಕಣ್ಣ ಮುಂದೆ ಬಂದರೆ, ಅದರೊಳಗೆ ತಾನು ಹೊಂದುತ್ತೇನಾ ಅನ್ನುವ ಅನುಮಾನ ಹುಟ್ಟುತ್ತದೆ. ಕೆಲಸ ಮಾಡುವುದಕ್ಕೆ ಅಂಥ ಅನುಮಾನ ಇಲ್ಲ.

ಮೂರನೆಯದು ಹೊಗಳಿಕೆ. “ಎಷ್ಟು ಜಾಣೆ ನೀನು!” ಎಂದು ಹೊಗಳಿಸಿಕೊಂಡ ಮಕ್ಕಳು ಮುಂದಿನ ಲೆಕ್ಕ ತಪ್ಪಿದಾಗ ‘ಹಾಗಾದರೆ ನಾನು ಜಾಣೆ ಅಲ್ಲ’ ಎಂದುಕೊಳ್ಳುತ್ತಾರೆ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಅವಳು ಮಾಡಿದ ಕೆಲಸವನ್ನು ಹೆಸರಿಟ್ಟು ಹೇಳಿ: “ಮೊದಲ ಸಲ ಬರಲಿಲ್ಲ ಅಂತ ಬೇರೆ ದಾರಿ ಹಿಡಿದೆ ಅಲ್ವಾ, ಅದು ಚೆನ್ನಾಗಿತ್ತು.”

ಶಿಕ್ಷಕರಿಗೆ ಇಲ್ಲೇ ಒಂದು ಮಾತು. ಪ್ರಶ್ನೆ ಕೇಳಿ ಸುಮ್ನೆ ಮೂರು ಸೆಕೆಂಡ್ ಕಾಯಿರಿ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳಲ್ಲಿ ಕೂತು ಅಳೆದಾಗ, ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುವುದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಎಂದೂ ಬಾಯಿ ಬಿಡದವರು ಮಾತಾಡಿದರು. ಮೊದಲು ಕೈ ಎತ್ತಿದವರಿಗೇ ಅವಕಾಶ ಕೊಟ್ಟರೆ, ಯೋಚಿಸಿ ಮಾತಾಡುವವರು ವರ್ಷಪೂರ್ತಿ ಮೌನವಾಗಿಯೇ ಇರುತ್ತಾರೆ.

ಎಡವುವ ಜಾಗ: “ಹುಡುಗಿಯಾದರೂ ಎಷ್ಟು ಚೆನ್ನಾಗಿ ಮಾಡಿದಳು” ಅನ್ನುವ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಆ ‘ಆದರೂ’ ಅವಳಿಗೆ ನೆಟ್ಟಗೆ ಕೇಳಿಸುತ್ತದೆ.

ಹಂತ 2: ಉಪಕರಣ ಅವಳ ಕೈಯಲ್ಲಿರಲಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ನಿಮಗೆ ಪುರಸೊತ್ತು ಇದ್ದರೆ, ಇದನ್ನು ಮಾಡಿ.

ಬೇಕಾದದ್ದು ಹೆಚ್ಚೇನಿಲ್ಲ. ಸ್ಕ್ರೂಡ್ರೈವರ್ ಸೆಟ್ ಒಂದು, ಅಳತೆಯ ಟೇಪ್, ಭೂತಗನ್ನಡಿ, ನಾಲ್ಕೈದು ಎಲ್‌ಇಡಿ (ಪುಟ್ಟ ದೀಪ), 220 ಓಮ್‌ನ ಒಂದೆರಡು ರೆಸಿಸ್ಟರ್ (ಕರೆಂಟನ್ನು ತಡೆದು ಕಡಿಮೆ ಮಾಡುವ ಸಣ್ಣ ಬಿಡಿಭಾಗ), ವೈರ್ ತುಂಡುಗಳು, ಸೆಲ್‌ಗಳು, ಒಂದು ಸಾದಾ ಮಲ್ಟಿಮೀಟರ್. ಮಲ್ಟಿಮೀಟರ್ ಅಂದರೆ ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಳೆಯುವ ಸಣ್ಣ ಮೀಟರ್. ಹುಡುಗಿಯರಿಗಾಗಿಯೇ ಅಂತ ಗುಲಾಬಿ ಬಣ್ಣದ ಕಿಟ್ ಹುಡುಕಬೇಡಿ. ಎಲ್ಲರೂ ಬಳಸುವ ನಿಜವಾದ ಉಪಕರಣವೇ ಸಾಕು, ಅದೇ ಒಳ್ಳೆಯದು.

ಮೊದಲ ಕೆಲಸಕ್ಕೆ ಕೆಟ್ಟುಹೋದ ಸೆಲ್ ಟಾರ್ಚ್ ಒಂದನ್ನು ಅವಳ ಮುಂದಿಡಿ. “ರಿಪೇರಿ ಮಾಡು” ಅನ್ನಬೇಡಿ, “ಯಾಕೆ ಹತ್ತುತ್ತಿಲ್ಲ ಕಂಡುಹಿಡಿ” ಅನ್ನಿ. ಎರಡು ಸೆಲ್ ಹೊರಗೆ ತೆಗೆದು ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಒಂದೊಂದನ್ನೂ ಅವಳೇ ಅಳೆಯಲಿ. ಹೊಸ ಸೆಲ್ 1.5 ವೋಲ್ಟ್ ಅಥವಾ ಅದಕ್ಕಿಂತ ತುಸು ಜಾಸ್ತಿ ತೋರಿಸುತ್ತದೆ. 1 ವೋಲ್ಟ್ ಹತ್ತಿರ ಇಳಿದಿದ್ದರೆ ಅದರ ಕೆಲಸ ಮುಗಿದಿದೆ. ಸೆಲ್ ಸರಿ ಇದ್ದರೆ ಮುಂದೆ ಸ್ಪ್ರಿಂಗ್. ಅದರ ತುದಿಯಲ್ಲಿ ತುಕ್ಕೋ ಬಿಳಿ ಪುಡಿಯೋ ಕೂತಿರಬಹುದು. ಆಮೇಲೆ ಸ್ವಿಚ್. ಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ ಸ್ವಿಚ್‌ನ ಎರಡು ತುದಿಗೆ ಮುಟ್ಟಿಸಿದರೆ, ಒತ್ತಿದಾಗ ಬೀಪ್ ಅನ್ನಬೇಕು. ಅನ್ನದಿದ್ದರೆ ಕಳ್ಳ ಸಿಕ್ಕಿಬಿದ್ದ. ಒಂದೊಂದೇ ಕಾರಣವನ್ನು ಪಟ್ಟಿಯಿಂದ ಹೊಡೆದುಹಾಕುತ್ತಾ ಹೋಗುವ ಈ ಕ್ರಮವನ್ನೇ ಕಂಪ್ಯೂಟರ್ ಪ್ರೋಗ್ರಾಮರ್ ಬಳಸುತ್ತಾರೆ, ರೋಗ ಪತ್ತೆ ಮಾಡುವ ಡಾಕ್ಟರೂ ಬಳಸುತ್ತಾರೆ.

ಇನ್ನೊಂದು ಕೆಲಸ ಎಲ್‌ಇಡಿ. ಅದಕ್ಕೆ ಎರಡು ಕಾಲು, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದು ಪ್ಲಸ್. 1.5 ವೋಲ್ಟ್‌ನ ಒಂದೇ ಸೆಲ್‌ಗೆ ಕೆಂಪು ಎಲ್‌ಇಡಿ ಮುಟ್ಟಿಸಿದರೆ ಹತ್ತುವುದಿಲ್ಲ, ಅದಕ್ಕೆ ಸುಮಾರು 2 ವೋಲ್ಟ್ ಬೇಕು. ಎರಡು ಸೆಲ್ ಸಾಲಾಗಿ ಜೋಡಿಸಿ, ನಡುವೆ 220 ಓಮ್ ರೆಸಿಸ್ಟರ್ ಹಾಕಿದರೆ ಹತ್ತುತ್ತದೆ. ಕಾಲು ಅದಲು ಬದಲಾದರೆ ಮತ್ತೆ ಇಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡಬೇಡಿ. ಹತ್ತದೆ ಇದ್ದಾಗ ಅವಳೇ ತಿರುಗಿಸಿ ನೋಡಲಿ. ದೀಪ ಹತ್ತಿದ ಕ್ಷಣದ ಮುಖ ನೋಡುವ ಭಾಗ್ಯ ನಿಮಗೆ ಸಿಗುತ್ತದೆ.

ಎಡವುವ ಜಾಗ, ಮತ್ತು ಇದು ಎಲ್ಲಕ್ಕಿಂತ ದೊಡ್ಡದು: ಅವಳು ತಡಮಾಡಿದಾಗ “ಕೊಡು ಇಲ್ಲಿ, ನಾನು ಮಾಡ್ತೀನಿ” ಎಂದು ಕೈಯಿಂದ ತೆಗೆದುಕೊಳ್ಳುವುದು. ಹುಡುಗ ತಡಮಾಡಿದರೆ “ಇನ್ನೊಂದ್ಸಲ ನೋಡು” ಅನ್ನುತ್ತೇವೆ. ಹುಡುಗಿ ತಡಮಾಡಿದರೆ ಸಹಾಯಕ್ಕೆ ಓಡುತ್ತೇವೆ. ಸಹಾಯ ಮಾಡಲೇಬೇಕು ಅನಿಸಿದರೆ ಬಾಯಲ್ಲಿ ಮಾಡಿ, ಕೈ ಹಿಂದೆ ಕಟ್ಟಿಕೊಳ್ಳಿ.

ಅಪಾಯದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗೋಡೆಯ ಪ್ಲಗ್‌ನ ಕರೆಂಟ್‌ಗೆ ಮಕ್ಕಳು ಕೈ ಹಾಕಬಾರದು, ಪ್ರಯೋಗವೆಲ್ಲ ಸೆಲ್‌ನಲ್ಲೇ ಇರಲಿ. ಮೈಕ್ರೋವೇವ್ ಓವನ್ ಮತ್ತು ಹಳೇ ದಪ್ಪ ಟಿವಿಯನ್ನು ಎಂದೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಮೊಬೈಲ್ ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತುತ್ತದೆ. ಗುಂಡಿಯಂಥ ಬಟನ್ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಪ್ರಾಣಕ್ಕೇ ಬರುತ್ತದೆ. ಕತ್ತರಿಸುವ, ಸುರಿಯುವ, ಬೆಸುಗೆ ಹಾಕುವ ಕೆಲಸಕ್ಕೆ ಸುರಕ್ಷಾ ಕನ್ನಡಕ ಬೇಕು. ಈ ನಿಯಮಗಳನ್ನು ಅವಳಿಗೆ ಕಾರಣ ಸಮೇತ ಹೇಳಿ. “ನೀನು ಹುಡುಗಿ, ಮುಟ್ಟಬೇಡ” ಅನ್ನುವುದು ನಿಯಮವಲ್ಲ.

ಹಂತ 3: ಸಮಯ ಬಿಡಿಸಿ ಕೊಡಿ

ಯುನಿಸೆಫ್ 2016ರಲ್ಲಿ ಹೇಳಿದ ಲೆಕ್ಕ: 5ರಿಂದ 14 ವರ್ಷದ ಹುಡುಗಿಯರು ತಮ್ಮ ವಯಸ್ಸಿನ ಹುಡುಗರಿಗಿಂತ ಶೇ. 40ರಷ್ಟು ಹೆಚ್ಚು ಹೊತ್ತು ಮನೆಗೆಲಸದಲ್ಲಿ ಕಳೆಯುತ್ತಾರೆ. ಹುಡುಗನಿಗೆ ಆಡಲು, ಬಿಚ್ಚಿ ನೋಡಲು, ಕಂಪ್ಯೂಟರ್ ಮುಂದೆ ಸುಮ್ನೆ ಕೂರಲು ಸಿಗುವ ಹೊತ್ತು ಇವಳಿಗೆ ಸಿಗುವುದೇ ಇಲ್ಲ. ಆಮೇಲೆ ‘ಅವಳಿಗೆ ಆಸಕ್ತಿ ಇಲ್ಲ’ ಅನ್ನುತ್ತೇವೆ.

ವಾರದಲ್ಲಿ ಎರಡು ಸಲ, ಒಂದೊಂದು ಗಂಟೆ, ಯಾರೂ ಕರೆಯದ ಸಮಯ ಗೊತ್ತು ಮಾಡಿ. ಆ ಹೊತ್ತಿನ ಮನೆಗೆಲಸ ಅಣ್ಣನೋ ತಮ್ಮನೋ ಅಪ್ಪನೋ ಮಾಡಲಿ. ಅರ್ಧ ಮಾಡಿದ ಕೆಲಸವನ್ನು ಹಾಗೇ ಬಿಟ್ಟು ಮರುದಿನ ಮುಂದುವರಿಸಲು ಒಂದು ಡಬ್ಬಿಯೋ ಮೇಜಿನ ಮೂಲೆಯೋ ಇರಲಿ. ಮನೆಯ ಕಂಪ್ಯೂಟರ್ ಯಾರ ಕೋಣೆಯಲ್ಲಿದೆ ನೋಡಿಕೊಳ್ಳಿ. ಹುಡುಗನ ಕೋಣೆಯಲ್ಲಿದ್ದರೆ ಎಲ್ಲರೂ ಕೂರುವ ಜಾಗಕ್ಕೆ ತನ್ನಿ.

ಹಂತ 4: ಗಣಿತ ಮತ್ತು ಆಕಾರದ ಕಲ್ಪನೆ

“ನಂಗೂ ಮ್ಯಾಥ್ಸ್ ಬರ್ತಿರಲಿಲ್ಲ ಬಿಡು” ಎಂದು ಸಮಾಧಾನ ಹೇಳುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಅಮ್ಮನೋ ಟೀಚರೋ ಹೀಗಂದರೆ ಹುಡುಗಿಗೆ ಅದು ಅಪ್ಪಣೆ ಸಿಕ್ಕ ಹಾಗೆ. ಗಣಿತ ಬಿಟ್ಟರೆ ಮುಂದೆ ಮುಚ್ಚುವ ಬಾಗಿಲು ಒಂದೆರಡಲ್ಲ.

ಇನ್ನೊಂದು ಸಾಮರ್ಥ್ಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ‘ಸ್ಪೇಷಿಯಲ್ ಸ್ಕಿಲ್’. ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ, ಕತ್ತರಿಸಿ, ಹಿಂಬದಿಯಿಂದ ಹೇಗೆ ಕಾಣುತ್ತದೆ ಎಂದು ಊಹಿಸುವ ಶಕ್ತಿ. ಎಂಜಿನಿಯರಿಂಗ್ ಡ್ರಾಯಿಂಗ್, ರಸಾಯನಶಾಸ್ತ್ರದ ಅಣುಗಳು, ಶಸ್ತ್ರಚಿಕಿತ್ಸೆ, ಎಲ್ಲಕ್ಕೂ ಇದು ಬೇಕು. ಇದು ಹುಟ್ಟಿನಿಂದ ಬರುವುದು, ಬಂದರೆ ಬಂತು ಎಂದು ಬಹಳ ಜನ ನಂಬಿದ್ದಾರೆ. ಅಭ್ಯಾಸದಿಂದ ಬರುತ್ತದೆ. ಅಮೆರಿಕದ ಮಿಷಿಗನ್ ಟೆಕ್ನಲಾಜಿಕಲ್ ಯೂನಿವರ್ಸಿಟಿಯಲ್ಲಿ ಶೆರಿಲ್ ಸೋರ್ಬಿ 1990ರ ದಶಕದಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಕೋರ್ಸ್ ಶುರು ಮಾಡಿದರು. ಈ ಸಾಮರ್ಥ್ಯದ ಪರೀಕ್ಷೆಯಲ್ಲಿ ಹಿಂದುಳಿದ ವಿದ್ಯಾರ್ಥಿಗಳು ಕೋರ್ಸ್ ಮುಗಿಸಿದ ಮೇಲೆ ಮುಂದಿನ ವಿಷಯಗಳಲ್ಲೂ ಅಂಕ ಹೆಚ್ಚಿಸಿಕೊಂಡರು. ಎಂಜಿನಿಯರಿಂಗ್ ಬಿಡದೆ ಉಳಿದ ಹೆಣ್ಣುಮಕ್ಕಳೂ ಜಾಸ್ತಿಯಾದರು.

ಮನೆಯಲ್ಲಿ ಮಾಡಲು: ಬ್ಲಾಕ್ ಆಟಿಕೆ, ಕಾಗದ ಮಡಿಚಿ ಆಕಾರ ಮಾಡುವುದು, ನಕ್ಷೆ ಹಿಡಿದು ದಾರಿ ಹುಡುಕುವುದು. ನಾಲ್ಕೈದು ಘನಗಳನ್ನು ಜೋಡಿಸಿಟ್ಟು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೆಂದು ಪೆನ್ಸಿಲ್‌ನಲ್ಲಿ ಬಿಡಿಸಲಿ. ತಪ್ಪಾದರೆ ಎದ್ದು ಹೋಗಿ ಆ ಕಡೆಯಿಂದ ನೋಡಿ ತಾನೇ ತಿದ್ದಿಕೊಳ್ಳಲಿ. ಚಿತ್ರವನ್ನು ಕೈಯಲ್ಲೇ ಬಿಡಿಸಬೇಕು, ನೋಡಿದರೆ ಮಾತ್ರ ಸಾಲದು.

ಹಂತ 5: ನಿಜವಾದ ಕೆಲಸದಲ್ಲಿ ಪಾಲು ಸಿಗಲಿ

ಪಠ್ಯಪುಸ್ತಕದ ಪ್ರಯೋಗದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಕೈಗೆ ಸಿಕ್ಕರೆ ಹುಮ್ಮಸ್ಸೇ ಬೇರೆ. ಇದಕ್ಕೆ ‘ಸಿಟಿಜನ್ ಸೈನ್ಸ್’ ಒಳ್ಳೆಯ ದಾರಿ. ಸಾಮಾನ್ಯ ಜನರು ವಿಜ್ಞಾನಿಗಳಿಗೆ ಮಾಹಿತಿ ಕೂಡಿಸಲು, ವಿಂಗಡಿಸಲು ನೆರವಾಗುವ ಯೋಜನೆಗಳಿವು. ‘ಜೂನಿವರ್ಸ್’ ಎಂಬ ತಾಣದಲ್ಲಿ ಗೆಲಾಕ್ಸಿ, ಕಾಡುಪ್ರಾಣಿ, ಹಳೆಯ ದಾಖಲೆ ಹೀಗೆ ಹಲವು ಯೋಜನೆಗಳು ಉಚಿತವಾಗಿ ಸಿಗುತ್ತವೆ. 2007ರಲ್ಲಿ ಅದರ ಮೂಲವಾದ ‘ಗೆಲಾಕ್ಸಿ ಜೂ’ದಲ್ಲಿ ಚಿತ್ರಗಳನ್ನು ವಿಂಗಡಿಸುತ್ತಿದ್ದ ಹ್ಯಾನಿ ವಾನ್ ಆರ್ಕೆಲ್ ಎಂಬ ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿಗೆ ಒಂದು ವಿಚಿತ್ರ ಕಲೆ ಕಂಡಿತು. ಇದೇನು ಎಂದು ಕೇಳಿದರು. ಖಗೋಳ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. ಗೆಲಾಕ್ಸಿಯೊಂದರ ಪಕ್ಕದಲ್ಲಿ ಹೊಳೆಯುವ ಭಾರಿ ಅನಿಲದ ಮೋಡ ಅದು. ಇವತ್ತಿಗೂ ಅದಕ್ಕೆ ಅವರ ಹೆಸರೇ ಇದೆ.

ಇವುಗಳ ಜೊತೆಗೆ ಉಚಿತವಾಗಿ ಸಿಗುವ ಇನ್ನು ಕೆಲವು: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’, ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯಲು. ‘ಫೆಟ್’ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡುವ ಭೌತಶಾಸ್ತ್ರ, ರಸಾಯನಶಾಸ್ತ್ರದ ಪ್ರಯೋಗಗಳು. ‘ಸ್ಟೆಲೇರಿಯಂ’, ಇವತ್ತಿನ ರಾತ್ರಿಯ ಆಕಾಶ ನೋಡಲು. ಎಲ್ಲವನ್ನೂ ಒಟ್ಟಿಗೆ ಹೇರಬೇಡಿ. ಒಂದು ಸಾಕು.

ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆಯಲು ಹೇಳಿ. ಏನು ಅಂದುಕೊಂಡೆ, ಏನು ಮಾಡಿದೆ, ಏನಾಯಿತು, ಮೂರು ಸಾಲು. ಮುಂದೆ ಅರ್ಜಿ ಹಾಕುವಾಗ ಇದೇ ಅವಳ ‘ಪೋರ್ಟ್‌ಫೋಲಿಯೊ’ ಆಗುತ್ತದೆ, ಅಂದರೆ ಮಾಡಿದ ಕೆಲಸದ ಪುರಾವೆ.

ಹಂತ 6: ಈ ಕೆಲಸ ಮಾಡುವ ಹೆಂಗಸರನ್ನು ತೋರಿಸಿ

1983ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ 4,807 ಮಕ್ಕಳಿಗೆ ‘ವಿಜ್ಞಾನಿಯ ಚಿತ್ರ ಬಿಡಿಸಿ’ ಅಂದಿದ್ದರು. ಹೆಂಗಸಿನ ಚಿತ್ರ ಬಿಡಿಸಿದವರು 28 ಮಕ್ಕಳು ಮಾತ್ರ, ಎಲ್ಲರೂ ಹುಡುಗಿಯರು. ಆಮೇಲಿನ ದಶಕಗಳಲ್ಲಿ ಇದು ಸಾಕಷ್ಟು ಸುಧಾರಿಸಿದೆ. ಕಣ್ಣಿಗೆ ಕಂಡವರು ಹೆಚ್ಚಾದಂತೆ ಚಿತ್ರವೂ ಬದಲಾಗಿದೆ.

ಹೆಸರು ಹೇಳುವಾಗ ಮೇರಿ ಕ್ಯೂರಿ ಒಬ್ಬರಲ್ಲೇ ನಿಲ್ಲಬೇಡಿ. ಎರಡು ನೊಬೆಲ್ ಪಡೆದವರನ್ನಷ್ಟೇ ತೋರಿಸಿದರೆ ‘ಅಷ್ಟು ದೊಡ್ಡವಳಾದರೆ ಮಾತ್ರ ಇಲ್ಲಿ ಜಾಗ’ ಎಂದು ಹುಡುಗಿ ಅಂದುಕೊಳ್ಳುತ್ತಾಳೆ. ಎಡವಿದವರ ಕಥೆ, ಮನೆಯವರು ಜೊತೆಗೆ ನಿಂತ ಕಥೆ ಹೇಳಿ. ಖಗೋಳ ವಿಜ್ಞಾನಿ ಜಾಸೆಲಿನ್ ಬೆಲ್ ಬರ್ನೆಲ್ ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ. ಉತ್ತರ ಐರ್ಲೆಂಡ್‌ನ ಅವರ ಶಾಲೆಯಲ್ಲಿ ವಿಜ್ಞಾನದ ತರಗತಿಗೆ ಹುಡುಗರನ್ನು, ಅಡುಗೆ ಹೊಲಿಗೆಯ ತರಗತಿಗೆ ಹುಡುಗಿಯರನ್ನು ಕಳಿಸುತ್ತಿದ್ದರು. ಅಪ್ಪ ಅಮ್ಮ ಶಾಲೆಗೆ ಹೋಗಿ ತಕರಾರು ಮಾಡಿದರು, ಮಗಳಿಗೆ ವಿಜ್ಞಾನದ ತರಗತಿ ಸಿಕ್ಕಿತು. 11ನೇ ವಯಸ್ಸಿನ ಪ್ರವೇಶ ಪರೀಕ್ಷೆಯಲ್ಲಿ ಅವರು ಫೇಲಾಗಿದ್ದರು ಕೂಡ. ಕೇಂಬ್ರಿಜ್‌ನಲ್ಲಿ ಸಂಶೋಧನೆಗೆ ಸೇರಿದ ಮೇಲೆ ರೇಡಿಯೊ ಟೆಲಿಸ್ಕೋಪ್ ಕಟ್ಟುವ ಕೆಲಸದಲ್ಲಿ ಕಂಬ ನೆಟ್ಟು, ಕೇಬಲ್ ಎಳೆದು ತಾವೇ ಕೈ ಹಚ್ಚಿದರು. 1967ರಲ್ಲಿ ಅದೇ ಟೆಲಿಸ್ಕೋಪ್‌ನಿಂದ ದಿನಕ್ಕೆ ಸುಮಾರು 30 ಮೀಟರ್ ಉದ್ದ ಹೊರಬರುತ್ತಿದ್ದ ಕಾಗದದ ಸುರುಳಿಯಲ್ಲಿ ಒಂದು ಸಣ್ಣ ಗೀಚು ಅವರ ಕಣ್ಣಿಗೆ ಬಿತ್ತು. 1.33 ಸೆಕೆಂಡಿಗೊಮ್ಮೆ ಮಿಡಿಯುವ ಸಂಕೇತ. ಅದೇ ಮೊದಲು ಪತ್ತೆಯಾದ ಪಲ್ಸಾರ್, ಅಂದರೆ ವೇಗವಾಗಿ ತಿರುಗುತ್ತಾ ಮಿಡಿತದಂತೆ ರೇಡಿಯೊ ಸಂಕೇತ ಕಳಿಸುವ ನಕ್ಷತ್ರ. ಯಂತ್ರವನ್ನು ಕೈಯಾರೆ ಕಟ್ಟಿದವರಿಗೆ ಅದರ ಸದ್ದು ಯಾವುದು, ಹೊಸದು ಯಾವುದು ಎಂದು ಗೊತ್ತಾಗುತ್ತದೆ. 1974ರಲ್ಲಿ ಇದಕ್ಕೆ ನೊಬೆಲ್ ಬಂದಾಗ ಅದು ಅವರ ಮಾರ್ಗದರ್ಶಕರಿಗೆ ಹೋಯಿತು, ಅವರಿಗಲ್ಲ. 2018ರಲ್ಲಿ ಬೇರೊಂದು ದೊಡ್ಡ ಪ್ರಶಸ್ತಿಯಾಗಿ 30 ಲಕ್ಷ ಡಾಲರ್ ಬಂದಾಗ, ಅವಕಾಶ ಕಡಿಮೆ ಇರುವ ವರ್ಗಗಳಿಂದ ಬಂದು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವವರಿಗೆಂದು ಅಷ್ಟನ್ನೂ ಕೊಟ್ಟುಬಿಟ್ಟರು.

ಪುಸ್ತಕದ ಹೆಸರುಗಳಿಗಿಂತ ಹತ್ತಿರದಲ್ಲಿರುವ ಒಬ್ಬರು ಹೆಚ್ಚು ಉಪಯೋಗ. ಅವಳಿಗಿಂತ ಐದಾರು ವರ್ಷಕ್ಕೆ ದೊಡ್ಡವಳಾದ ಡಿಪ್ಲೊಮಾ ವಿದ್ಯಾರ್ಥಿನಿ, ಲ್ಯಾಬ್ ಟೆಕ್ನಿಷಿಯನ್, ಸರ್ವೇಯರ್, ಯಾರಾದರೂ ಆಗಬಹುದು. ಅರ್ಧ ಗಂಟೆ ಮಾತಾಡಿಸಿ. ಹುಡುಗಿ ಬರಿಗೈಲಿ ಹೋಗದೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ:

- ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಕೆಲಸ ಮಾಡಿದಿರಿ?
- ಈ ಕೆಲಸದಲ್ಲಿ ಬೇಜಾರು ತರಿಸುವ ಭಾಗ ಯಾವುದು?
- ಓದುವಾಗ ಕಲಿತದ್ದರಲ್ಲಿ ಈಗ ದಿನಾ ಬಳಸುವುದು ಯಾವುದು?
- ನಿಮ್ಮಲ್ಲಿ ಹೆಂಗಸರು ಎಷ್ಟು ಜನ? ಕಷ್ಟ ಬಂದಾಗ ಯಾರ ಹತ್ತಿರ ಹೋಗುತ್ತೀರಿ?

ಮಾತು ಚೆನ್ನಾಗಿ ಕೂಡಿಬಂದರೆ ‘ಜಾಬ್ ಶ್ಯಾಡೋಯಿಂಗ್’ ಕೇಳಬಹುದು. ಒಂದು ದಿನ ಅವರ ಜೊತೆಗೇ ಇದ್ದು ಕೆಲಸ ನೋಡುವುದು ಅಂತ ಅರ್ಥ.

ಎಚ್ಚರಿಕೆ: ಆನ್‌ಲೈನ್‌ನಲ್ಲಿ ‘ಮೆಂಟರ್’, ಅಂದರೆ ದಾರಿ ತೋರಿಸುವ ಹಿರಿಯರು, ಎಂದು ಹೇಳಿಕೊಂಡು ಬರುವವರ ಬಗ್ಗೆ ಹುಷಾರು. ಸಂಸ್ಥೆಯ ಮೂಲಕವೇ ಪರಿಚಯವಾಗಲಿ. ಮೊದಲ ಮಾತುಕತೆಯಲ್ಲಿ ದೊಡ್ಡವರೊಬ್ಬರು ಇರಲಿ. ‘ಇದು ನಮ್ಮಿಬ್ಬರಲ್ಲೇ ಇರಲಿ’ ಅನ್ನುವವರ ಜೊತೆ ಮಾತು ಅಲ್ಲಿಗೇ ನಿಲ್ಲಬೇಕು.

ಹಂತ 7: ವೃತ್ತಿಗಳ ಪಟ್ಟಿ ದೊಡ್ಡದು ಮಾಡಿ, ವಿಷಯ ಬೇಗ ನೋಡಿಕೊಳ್ಳಿ

ವಿಜ್ಞಾನ ಅಂದರೆ ಡಾಕ್ಟರ್ ಅಥವಾ ಸಾಫ್ಟ್‌ವೇರ್ ಎಂಜಿನಿಯರ್, ಇಷ್ಟೇ ಅಂದುಕೊಂಡ ಮನೆಗಳು ಬಹಳ. ಆಸ್ಪತ್ರೆಯ ವೆಂಟಿಲೇಟರ್, ಇಸಿಜಿ ಯಂತ್ರಗಳನ್ನು ಸರಿಯಾಗಿ ಇಡುವವರು ಬಯೋಮೆಡಿಕಲ್ ಟೆಕ್ನಿಷಿಯನ್‌ಗಳು. ಉಪಗ್ರಹದ ಚಿತ್ರದಿಂದ ನಕ್ಷೆ ಮಾಡುವವರಿದ್ದಾರೆ. ಹವಾಮಾನ ಮುನ್ಸೂಚನೆ, ಅಂಕಿಅಂಶ ವಿಶ್ಲೇಷಣೆ, ಮಣ್ಣು ಪರೀಕ್ಷೆ, ಕೃತಕ ಕಾಲು ತಯಾರಿಕೆ, ಕಿವಿ ಕೇಳುವಿಕೆಯ ಪರೀಕ್ಷೆ, ಹಡಗಿನ ಎಂಜಿನ್, ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಲೇತ್ ಯಂತ್ರದ ಕೆಲಸ, ಎಲ್ಲವೂ ಇದೇ ಮನೆಯ ಕೋಣೆಗಳು. ಪ್ರಾಣಿ ಅಂದರೆ ಇಷ್ಟ ಅನ್ನುವ ಹುಡುಗಿಗೂ, ಚಿತ್ರ ಬಿಡಿಸುವ ಹುಡುಗಿಗೂ ಇಲ್ಲಿ ಕೆಲಸ ಇದೆ.

ಅವಳಿಗೆ ಹಿಡಿಸಿದ ಎರಡು ಮೂರು ಕೆಲಸಗಳನ್ನು ಬರೆದು, ಒಂದೊಂದಕ್ಕೂ ಯಾವ ವಿಷಯ ಕಡ್ಡಾಯ ಎಂದು ಪ್ರವೇಶ ನಿಯಮದಲ್ಲೇ ನೋಡಿ. ವಿಷಯ ಆರಿಸುವ ವರ್ಷಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಇದು ಆಗಬೇಕು. ಗಣಿತವನ್ನೋ ಭೌತಶಾಸ್ತ್ರವನ್ನೋ ಬಿಟ್ಟ ಮೇಲೆ ವಾಪಸ್ ಬರುವ ದಾರಿ ಇರುತ್ತದೆ, ಆದರೆ ಉದ್ದವಾಗಿರುತ್ತದೆ. ಖಚಿತವಿಲ್ಲದಿದ್ದರೆ ಗಣಿತ ಇಟ್ಟುಕೊಳ್ಳುವುದೇ ಒಳ್ಳೆಯದು.

ಹಂತ 8: ಲ್ಯಾಬ್‌ನಲ್ಲಿ, ಗುಂಪಿನಲ್ಲಿ

ಇದು ಮುಖ್ಯವಾಗಿ ಶಿಕ್ಷಕರಿಗೆ. ನಾಲ್ಕು ಜನರ ಗುಂಪಿಗೆ ಒಂದು ಪ್ರಯೋಗ ಕೊಟ್ಟು ಸುಮ್ನೆ ಬಿಟ್ಟರೆ ಆಗುವುದು ಇಷ್ಟು: ಹುಡುಗರು ಉಪಕರಣ ಹಿಡಿಯುತ್ತಾರೆ, ಅಕ್ಷರ ಚೆನ್ನಾಗಿದೆ ಅಂತ ಹುಡುಗಿ ಬರೆಯುತ್ತಾಳೆ. ವರ್ಷದ ಕೊನೆಗೆ ಅವಳ ರೆಕಾರ್ಡ್ ಪುಸ್ತಕ ಎಲ್ಲರಿಗಿಂತ ಚೆಂದ, ಕೈಗೆ ಮಾತ್ರ ಏನೂ ಬಂದಿರುವುದಿಲ್ಲ. ಉಪಕರಣ ಹಿಡಿಯುವವರು, ಅಳತೆ ಓದುವವರು, ಬರೆಯುವವರು, ಸುರಕ್ಷತೆ ನೋಡುವವರು ಎಂದು ಕೆಲಸ ಹಂಚಿ, ಪ್ರತಿ ಪ್ರಯೋಗಕ್ಕೂ ಬದಲಿಸಿ. ಪಟ್ಟಿ ಗೋಡೆಯ ಮೇಲಿರಲಿ. ಗುಂಪಿನಲ್ಲಿ ಒಬ್ಬಳೇ ಹುಡುಗಿ ಆಗದಂತೆ ನೋಡಿಕೊಳ್ಳಿ.

ಹಂತ 9: ಆಸಕ್ತಿ ಕುಗ್ಗಿದಾಗ

12–15ರ ವಯಸ್ಸಿನಲ್ಲಿ ಇದು ಹೆಚ್ಚು ಕಾಣುತ್ತದೆ. ಕೂಡಲೇ ಉಪದೇಶಕ್ಕೆ ಇಳಿಯಬೇಡಿ. ಕಾರಣ ಹುಡುಕಿ: ವಿಷಯ ಬೇಸರವೋ, ಟೀಚರ್ ಜೊತೆ ಸರಿಬರುತ್ತಿಲ್ಲವೋ, ಗೆಳತಿಯರು ಯಾರೂ ಇಲ್ಲವೋ, ಯಾರಾದರೂ ಗೇಲಿ ಮಾಡಿದರೋ? ಒಂದೊಂದಕ್ಕೂ ಮದ್ದು ಬೇರೆ. ಗೆಳತಿ ಒಬ್ಬಳನ್ನು ಜೊತೆಗೆ ಸೇರಿಸಿದರೆ ಅರ್ಧ ಸಮಸ್ಯೆ ಕರಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಟೆಹರಾನ್‌ನಲ್ಲಿ ಬೆಳೆದ ಮರ್ಯಮ್ ಮಿರ್ಜಾಖಾನಿ ಮಾಧ್ಯಮಿಕ ಶಾಲೆಯ ಮೊದಲ ವರ್ಷ ಗಣಿತದಲ್ಲಿ ಹಿಂದುಳಿದಿದ್ದರು. ಟೀಚರ್‌ಗೆ ಅವರಲ್ಲಿ ವಿಶೇಷ ಪ್ರತಿಭೆ ಕಾಣಲಿಲ್ಲ, ಅವರಿಗೂ ಆಸಕ್ತಿ ಹೊರಟುಹೋಯಿತು. ಮರುವರ್ಷ ಹುರುಪು ತುಂಬುವ ಟೀಚರ್ ಸಿಕ್ಕರು. 2014ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಅವರೇ.

ದೊಡ್ಡವಳಾದ ಹುಡುಗಿಗೆ ಸತ್ಯವನ್ನೂ ಹೇಳಿ. 2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಗೆ ಒಂದೇ ಅರ್ಜಿಯನ್ನು ಕಳಿಸಿದರು. ಅರ್ಧ ಜನಕ್ಕೆ ‘ಜಾನ್’ ಹೆಸರಲ್ಲಿ, ಅರ್ಧ ಜನಕ್ಕೆ ‘ಜೆನಿಫರ್’ ಹೆಸರಲ್ಲಿ. ಜಾನ್‌ಗೆ ಹೆಚ್ಚು ಅರ್ಹತೆ ಇದೆ ಅಂದರು, ಹೆಚ್ಚು ಸಂಬಳವನ್ನೂ ಸೂಚಿಸಿದರು. ಹಾಗೆ ಅಂದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು. ಇದನ್ನು ತಿಳಿದಿರುವ ಹುಡುಗಿ, ನಾಳೆ ಯಾರೋ ಕಡೆಗಣಿಸಿದಾಗ ತಪ್ಪು ತನ್ನದೇ ಎಂದು ಕೊರಗುವುದಿಲ್ಲ. “ಇದು ಹುಡುಗಿಯರಿಗೆ ಆಗಿಬರಲ್ಲ” ಎಂದು ಯಾರಾದರೂ ಅವಳ ಎದುರು ಅಂದರೆ ನೀವು ಅಲ್ಲೇ, ಅವಳಿಗೆ ಕೇಳುವಂತೆ, ಉತ್ತರ ಕೊಡಿ. ಮನೆಗೆ ಬಂದ ಮೇಲೆ ಸಮಾಧಾನ ಹೇಳಿದರೆ ಸಾಲದು.

ಎಲ್ಲ ಮಾಡಿ ನೋಡಿದ ಮೇಲೂ ಅವಳಿಗೆ ಸಂಗೀತವೋ ಕಾನೂನೋ ಇಷ್ಟವಾದರೆ ಬಿಡಿ. ಬಾಗಿಲು ತೆರೆದಿಡುವುದು ನಮ್ಮ ಕೆಲಸ, ಒಳಗೆ ನೂಕುವುದಲ್ಲ.

ಹಂತ 10: ಅರ್ಜಿ ಮತ್ತು ವಿದ್ಯಾರ್ಥಿವೇತನ

8ರಿಂದ 18 ವರ್ಷದ ಹುಡುಗಿಯರಿಗೆ ‘ಟೆಕ್ನೊವೇಶನ್’ ಎಂಬ ಜಾಗತಿಕ ಉಚಿತ ಕಾರ್ಯಕ್ರಮ ಇದೆ. ತಂಡ ಕಟ್ಟಿಕೊಂಡು ತಮ್ಮ ಸುತ್ತಲಿನ ಸಮಸ್ಯೆಗೆ ಆ್ಯಪ್ ಮಾಡಬೇಕು. ಸ್ನಾತಕೋತ್ತರ ಹಂತದಲ್ಲಿ ಪರಮಾಣು ವಿಜ್ಞಾನ ಓದುವ ಮಹಿಳೆಯರಿಗೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2020ರಲ್ಲಿ ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಹೆಸರಲ್ಲಿ ಫೆಲೋಶಿಪ್ ಶುರು ಮಾಡಿದೆ. ವಿಜ್ಞಾನ, ತಂತ್ರಜ್ಞಾನದಲ್ಲಿ ಹಿಂದುಳಿದವು ಎಂದು ಗುರುತಿಸಿದ ಅಭಿವೃದ್ಧಿಶೀಲ ದೇಶಗಳ ಮಹಿಳೆಯರ ಪಿಎಚ್‌ಡಿಗೆ ಇಟಲಿಯ ಟ್ರಿಯೆಸ್ಟೆಯಲ್ಲಿರುವ, ವಿಜ್ಞಾನದಲ್ಲಿ ತೊಡಗಿದ ಮಹಿಳೆಯರ ಅಂತರರಾಷ್ಟ್ರೀಯ ಸಂಸ್ಥೆ ‘ಓಡಬ್ಲ್ಯುಎಸ್‌ಡಿ’ ನೆರವು ಕೊಡುತ್ತಾ ಬಂದಿದೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಆಯಾ ಸಂಸ್ಥೆಯ ಅಧಿಕೃತ ತಾಣದಲ್ಲೇ ನೋಡಿ. ವಿದ್ಯಾರ್ಥಿವೇತನ ಕೊಡಿಸುತ್ತೇವೆ ಎಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ.

ಅರ್ಜಿಯ ಅರ್ಹತೆಗಳಲ್ಲಿ ಒಂದೆರಡು ಕಡಿಮೆ ಇದ್ದರೆ ಹುಡುಗಿಯರು ಹಿಂದೆ ಸರಿಯುವುದುಂಟು. ‘ಕಡ್ಡಾಯ’ ಎಂದು ಬರೆದಿದ್ದು ಇದ್ದರೆ ಸಾಕು, ‘ಇದ್ದರೆ ಒಳ್ಳೆಯದು’ ಎಂಬುದು ಇಲ್ಲದಿದ್ದರೂ ಹಾಕಿಸಿ. ಶಿಫಾರಸು ಪತ್ರ ಬೇಕಿದ್ದರೆ ಕೊನೆಯ ದಿನಕ್ಕೆ ಮೂರು ವಾರ ಮೊದಲೇ ಟೀಚರನ್ನು ಕೇಳಲಿ. ಹಂತ 5ರ ನೋಟ್‌ಬುಕ್‌ನ ಎರಡು ಪುಟ, ಕೊನೆಯ ದಿನಾಂಕ, ಪತ್ರ ಕಳಿಸಬೇಕಾದ ವಿಳಾಸ, ಮೂರನ್ನೂ ಒಟ್ಟಿಗೆ ಅವರ ಕೈಗೆ ಕೊಡಲಿ. ಒಂದು ವಾರ ಬಿಟ್ಟು ಒಮ್ಮೆ ನೆನಪಿಸಲಿ.